97-0 ಅನ್ನೋ ಸ್ಕೋರು

ಅಮೆರಿಕದ ಸೆನೆಟ್‌ನಲ್ಲಿ ಜಡ್ಜ್ ನೇಮಕಕ್ಕೆ ವೋಟಿಂಗ್ ಅಂದ್ರೆ ಈಗೆಲ್ಲ ಹೆಚ್ಚುಕಮ್ಮಿ ಪಾರ್ಟಿ ಲೆಕ್ಕ. ಯಾರ ಬಲ ಎಷ್ಟಿದೆ ನೋಡಿದರೆ ಸಾಕು, ಫಲಿತಾಂಶ ಗೊತ್ತಾಗಿಬಿಡುತ್ತೆ. ಹಾಗಾಗಿ 2013ರ ಮೇ 23ರ ಲೆಕ್ಕ ನೋಡಿದಾಗ ಟೈಪೋ ಇರಬೇಕು ಅನ್ನಿಸಿತ್ತು. 97-0. ಒಂದೇ ಒಂದು ವಿರೋಧವಿಲ್ಲ.

ಆ ವೋಟು ಬಿದ್ದದ್ದು ಶ್ರೀ ಶ್ರೀನಿವಾಸನ್ ಅವರಿಗೆ. ಮೊದಲನೇ 'ಶ್ರೀ' ಮರ್ಯಾದೆಗೆ ಹಾಕಿದ್ದಲ್ಲ, ಶ್ರೀಕಾಂತ್ ಅನ್ನೋದರ ಚಿಕ್ಕ ರೂಪ. ಹುಟ್ಟಿದ್ದು ಚಂಡೀಗಢದಲ್ಲಿ, ಬೆಳೆದದ್ದು ಕಾನ್ಸಾಸ್‌ನ ಲಾರೆನ್ಸ್‌ನಲ್ಲಿ, ತಂದೆ ಗಣಿತದ ಪ್ರೊಫೆಸರ್. ಭಗವದ್ಗೀತೆಯ ಮೇಲೆ ಕೈಯಿಟ್ಟು ಪ್ರಮಾಣವಚನ ತಗೊಂಡರು. ಫ್ಯಾಮಿಲಿ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡೋದು ಇದೊಂದೇ ಸಂಗತಿ. ನನಗೆ ಅದಕ್ಕಿಂತ ಕುತೂಹಲ ಅವರ ರೆಸ್ಯೂಮೆ ಮೇಲೆ.

ಕ್ಲರ್ಕ್ ಆಗಿ ಕೆಲಸ ಮಾಡಿದ್ದು ರೇಗನ್ ನೇಮಿಸಿದ್ದ ಇಬ್ಬರು ಜಡ್ಜ್‌ಗಳ ಹತ್ತಿರ. ಅವರಲ್ಲೊಬ್ಬರು ಸುಪ್ರೀಂ ಕೋರ್ಟ್‌ನ ಸಾಂಡ್ರಾ ಡೇ ಓ'ಕಾನರ್. ಬುಷ್ ಕಾಲದಲ್ಲಿ ಸರ್ಕಾರದ ಪರ ಸುಪ್ರೀಂ ಕೋರ್ಟ್‌ನಲ್ಲಿ ವಾದ ಮಾಡಿದರು. ಆಮೇಲೆ ದೊಡ್ಡ ಪ್ರೈವೇಟ್ ಲಾ ಫರ್ಮ್. ಅಲ್ಲಿದ್ದಾಗ ಎನ್ರಾನ್ ಹಗರಣದ ಜೆಫ್ರಿ ಸ್ಕಿಲ್ಲಿಂಗ್ ಪರವಾಗಿಯೂ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದರು. ನಂತರ ಒಬಾಮ ಸರ್ಕಾರದಲ್ಲಿ ಮತ್ತೆ ಸರ್ಕಾರಿ ವಕೀಲರು. ಎರಡೂ ಕಡೆಯ ಹಿರಿಯ ವಕೀಲರು 'ಒಳ್ಳೆ ಮನುಷ್ಯ, ತೀಕ್ಷ್ಣ ಬುದ್ಧಿ' ಅಂತ ಶಿಫಾರಸು ಮಾಡೋ ಹಾಗೆ ಬಾಳೋದು ಸುಲಭದ ಮಾತಲ್ಲ.

ಆದರೆ ಬರೀ ಪ್ರತಿಭೆಗೆ 97 ವೋಟು ಸಿಕ್ಕಿತು ಅಂತ ನಾನು ನಂಬೋದಿಲ್ಲ. ಟೈಮಿಂಗ್ ನೋಡಿ. ಇದು ಡಿ.ಸಿ. ಸರ್ಕ್ಯೂಟ್, ಅಂದರೆ ವಾಷಿಂಗ್ಟನ್ನಿನ ಫೆಡರಲ್ ಮೇಲ್ಮನವಿ ಕೋರ್ಟ್. ಸೀಟು ಬರೀ 11. ಸರ್ಕಾರಿ ಇಲಾಖೆಗಳ ನಿಯಮಗಳನ್ನು ಪ್ರಶ್ನಿಸೋ ದೊಡ್ಡ ಕೇಸುಗಳು ಬಂದು ಬೀಳೋದು ಇಲ್ಲೇ. ಸುಪ್ರೀಂ ಕೋರ್ಟ್‌ಗೆ ಏಣಿಯೂ ಇದೇ: ರಾಬರ್ಟ್ಸ್, ಥಾಮಸ್, ಕವನಾ, ಜಾಕ್ಸನ್ ನಾಲ್ವರೂ ಇಲ್ಲಿ ಕೂತು ಮೇಲೆ ಹೋದವರು. ಹಾಗಾಗಿ ಇಲ್ಲಿನ ಕುರ್ಚಿಗೆ ಜಗಳ ಜಾಸ್ತಿ. ಶ್ರೀನಿವಾಸನ್‌ಗೆ ಒಪ್ಪಿಗೆ ಸಿಗೋಕೆ ಎರಡು ತಿಂಗಳ ಹಿಂದಷ್ಟೇ, ಇದೇ ಕೋರ್ಟ್‌ಗೆ ಒಬಾಮ ಆರಿಸಿದ್ದ ಕೇಟ್ಲಿನ್ ಹ್ಯಾಲಿಗನ್ ಅವರನ್ನ ರಿಪಬ್ಲಿಕನ್ನರು ಎರಡನೇ ಸಲ ಅಡ್ಡಗಟ್ಟಿದ್ದರು. ಅವರು ಹೆಸರು ವಾಪಸ್ ತಗೊಂಡರು. 'ನಾವು ಎಲ್ಲರನ್ನೂ ತಡೆಯೋರಲ್ಲ' ಅಂತ ತೋರಿಸೋಕೆ ಆಗ ಒಬ್ಬರು ಬೇಕಿತ್ತು.

ಆಮೇಲೆ ಅದೇ ಕೋರ್ಟ್‌ಗೆ ಒಬಾಮ ಇನ್ನೂ ಮೂರು ಹೆಸರು ಕಳಿಸಿದಾಗ ಮೂರಕ್ಕೂ ತಡೆ. ಸಿಟ್ಟಿಗೆದ್ದ ಡೆಮಾಕ್ರಾಟರು ನವೆಂಬರ್ 21ರಂದು ರೂಲನ್ನೇ ಬದಲಿಸಿದರು. ಸುಪ್ರೀಂ ಕೋರ್ಟ್ ಒಂದನ್ನು ಬಿಟ್ಟು ಉಳಿದ ನೇಮಕಗಳಲ್ಲಿ ಚರ್ಚೆ ಮುಗಿಸಿ ವೋಟಿಗೆ ಹೋಗಲು 60 ವೋಟು ಬೇಕಿಲ್ಲ, ಸರಳ ಬಹುಮತ ಸಾಕು. 2017ರಲ್ಲಿ ರಿಪಬ್ಲಿಕನ್ನರು ಆ ಒಂದು ವಿನಾಯಿತಿಯನ್ನೂ ಕಿತ್ತುಹಾಕಿದರು. ಎದುರು ಪಾರ್ಟಿಯ ಒಂದು ವೋಟೂ ಬೇಡ ಅಂದಮೇಲೆ ಎದುರು ಪಾರ್ಟಿ ಒಪ್ಪೋ ಜಡ್ಜನ್ನ ಯಾರು ಹುಡುಕ್ತಾರೆ ಹೇಳಿ?

2019ರಲ್ಲಿ ಅದೇ ಕೋರ್ಟ್‌ಗೆ ಟ್ರಂಪ್ ಆರಿಸಿದ ನಿಯೋಮಿ ರಾವ್ ಗೆದ್ದದ್ದು 53-46ರಲ್ಲಿ. (ರಾವ್ ಅಂದ ಕೂಡಲೇ ನಮ್ಮ ಕಡೆಯವರಾ ಅಂತ ಹುಡುಕಬೇಡಿ, ಪಾರ್ಸಿ ಕುಟುಂಬ.) ಮರುವರ್ಷ ಜಸ್ಟಿನ್ ವಾಕರ್, 51-42. ವಯಸ್ಸು 38. ಜೀವನಪೂರ್ತಿ ಕೆಲಸ, ನಿವೃತ್ತಿ ವಯಸ್ಸೇ ಇಲ್ಲ. ಹಾಗಾಗಿ ಎಷ್ಟು ಚಿಕ್ಕವರೋ ಅಷ್ಟು ಲಾಭ.

ಇನ್ನು ಮೆರಿಕ್ ಗಾರ್ಲೆಂಡ್ ಕಥೆ. 2016ರಲ್ಲಿ ಸುಪ್ರೀಂ ಕೋರ್ಟ್‌ನ ಸ್ಕಾಲಿಯಾ ತೀರಿಕೊಂಡಾಗ ಶ್ರೀನಿವಾಸನ್ ಹೆಸರೂ ಓಡಾಡಿತ್ತು. ಒಬಾಮ ಆರಿಸಿದ್ದು ಡಿ.ಸಿ. ಸರ್ಕ್ಯೂಟ್‌ನ ಆಗಿನ ಮುಖ್ಯ ಜಡ್ಜ್ ಗಾರ್ಲೆಂಡ್ ಅವರನ್ನ. ಸೆನೆಟ್ ಅವರನ್ನ ತಿರಸ್ಕರಿಸಲಿಲ್ಲ, ವಿಚಾರಣೆಯನ್ನೇ ಇಡಲಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಪುಲ್ ರಿಕ್ವೆಸ್ಟ್ ರಿಜೆಕ್ಟ್ ಆಗಲಿಲ್ಲ, ಯಾರೂ ಓಪನ್ನೇ ಮಾಡಲಿಲ್ಲ. 293 ದಿನ ಕಳೆದು ತಾನಾಗೇ ಎಕ್ಸ್‌ಪೈರ್ ಆಯ್ತು. ಚುನಾವಣೆಯ ವರ್ಷ, ಜನ ತೀರ್ಮಾನಿಸಲಿ ಅನ್ನೋದು ಕಾರಣ. 2020ರಲ್ಲಿ ಚುನಾವಣೆಗೆ ಎಂಟು ದಿನ ಇರುವಾಗ ಅದೇ ಪಾರ್ಟಿ ಏಮಿ ಕೋನಿ ಬ್ಯಾರೆಟ್ ಅವರನ್ನ ಸುಪ್ರೀಂ ಕೋರ್ಟ್‌ಗೆ ಕೂರಿಸಿತು. ವಿರುದ್ಧ ವೋಟು ಹಾಕೋದು ರಾಜಕೀಯ, ಅದಕ್ಕೆ ನನ್ನ ತಕರಾರಿಲ್ಲ. ವೋಟೇ ಹಾಕದೆ ಕೂರೋದು ನನ್ನ ಪ್ರಕಾರ ಕೆಲಸಗಳ್ಳತನ.

ಇದೆಲ್ಲ ಅವರ ಊರಿನ ಜಗಳ, ನಮಗೇನು ಅಂತೀರಾ? ಎಚ್-1ಬಿ ಮೇಲೆ ಅಲ್ಲಿರೋ ನಿಮ್ಮ ಫ್ರೆಂಡ್ಸ್‌ನ ಕೇಳಿ. ಗ್ರೀನ್ ಕಾರ್ಡ್ ಸಾಲಲ್ಲಿ ನಿಂತವರ ಹೆಂಡತಿ ಅಥವಾ ಗಂಡ ಕೆಲಸ ಮಾಡಬಹುದು ಅನ್ನೋ 2015ರ ಎಚ್-4 ಇಎಡಿ ನಿಯಮ ವರ್ಷಗಟ್ಟಲೆ ತೂಗಾಡಿದ್ದು ಇದೇ ಡಿ.ಸಿ. ಕೋರ್ಟ್‌ಗಳಲ್ಲಿ. ನನ್ನ ದೊಡ್ಡಪ್ಪನ ಮಗನ ಹೆಂಡತಿ ನ್ಯೂಜೆರ್ಸಿಯಲ್ಲಿ ಟೆಸ್ಟಿಂಗ್ ಲೀಡ್. ಅತ್ತಿಗೆಗೆ ಮನೆ ಕೊಳ್ಳೋದಾ ಬೇಡವಾ ಅನ್ನೋದು ಕೂಡ ಆ ಕೇಸಿನ ಮೇಲೆ ನಿಂತಿತ್ತು. 2024ರ ಆಗಸ್ಟ್‌ನಲ್ಲಿ ಡಿ.ಸಿ. ಸರ್ಕ್ಯೂಟ್ ಆ ನಿಯಮವನ್ನ ಎತ್ತಿಹಿಡಿಯಿತು. ಅವರು ಅವತ್ತು ರಾತ್ರಿ ಫೋನ್ ಮಾಡಿ ಕೇಳಿದ ಮೊದಲ ಪ್ರಶ್ನೆ, "ಇನ್ನು ಸುಪ್ರೀಂ ಕೋರ್ಟ್‌ಗೆ ಹೋಗ್ತಾರಾ?"

ಶ್ರೀನಿವಾಸನ್ 2020ರ ಫೆಬ್ರವರಿಯಲ್ಲಿ, ಗಾರ್ಲೆಂಡ್ ನಂತರ, ಆ ಕೋರ್ಟಿನ ಮುಖ್ಯ ಜಡ್ಜ್ ಆದರು. ಫೆಡರಲ್ ಮೇಲ್ಮನವಿ ಕೋರ್ಟೊಂದರ ಮುಖ್ಯಸ್ಥರಾದ ಮೊದಲ ಭಾರತೀಯ ಮೂಲದವರು. ಆ ಹುದ್ದೆ ಸಿಗೋದು ಸೀನಿಯಾರಿಟಿ ಮೇಲೆ. ಯಾರೂ ವೋಟು ಹಾಕಬೇಕಾಗಿರಲಿಲ್ಲ.