ಸೀಟಿ ಮ್ಯಾಲೆ ಕಲ್ಲ ಇಡಬ್ಯಾಡ್ರಿ
ನಮ್ಮ ಮಗ ಟರ್ಬೊ ಪೆಟ್ರೋಲ್ ಕಾರಿನ ಪವರ್ ಏರಸ್ತೀನಿ ಅಂತ ಕುಂತಾನ. 'ಲ್ಯಾಪ್‌ಟಾಪ್ ಹಚ್ಚಿದ್ರ ಮುಗೀತವ್ವಾ' ಅಂತಾನ. ಅಲ್ಲೇ ನನ್ನ ತಕರಾರು.

ಟರ್ಬೊ ಅಂದ್ರ ಇಂಜಿನ್ನಿಗೆ ಗಾಳಿ ಒತ್ತಿ ತುಂಬೋ ಪಂಖಾ. ನಿಮಿಷಕ್ಕ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರಗತೈತಿ. ಕುಕ್ಕರಿಗೆ ಸೀಟಿ ಇದ್ದಂಗ ಇದಕ್ಕ ವೇಸ್ಟ್‌ಗೇಟ್. ಅದನ್ನ ಬಿಗಿ ಮಾಡಿ ಒತ್ತಡ ಏರಿಸಿದ್ರ ಗಾಳಿ ಬಿಸಿ ಆಗತೈತಿ, ಪೆಟ್ರೋಲ್ ಹೊತ್ತಲ್ಲದ ಹೊತ್ತಿನ್ಯಾಗ ಸಿಡದು ಪಿಸ್ಟನ್ನಿಗೇ ತೂತು ಬೀಳಬಹುದು.

ಬ್ಯಾಡ ಅನ್ನೂದಿಲ್ಲ. ಮೊದಲ ದೊಡ್ಡ ಇಂಟರ್‌ಕೂಲರ್, ಹೆಚ್ಚು ಆಕ್ಟೇನಿನ ಪೆಟ್ರೋಲ್, ಚಲೋ ಆಯಿಲ್, ಗಟ್ಟಿ ಬ್ರೇಕ್. ಆಮ್ಯಾಲೆ ಡೈನೋ ಮ್ಯಾಲೆ ಗಾಳಿ-ಪೆಟ್ರೋಲ್ ಅಳತಿ ನೋಡಕೋತ ಸ್ವಲ್ಪ ಸ್ವಲ್ಪನ ಏರಸಲಿ. ವಿಮಾದವರಿಗೂ ತಿಳಸಲಿ. ಇಷ್ಟಕ್ಕ ರೊಕ್ಕ ಇಲ್ಲಂದ್ರ ಕಂಪನಿ ಕೊಟ್ಟ ಪವರೇ ಸಾಕು. ಆ ಕಾರಿನ್ಯಾಗ ನನ್ನ ಸೊಸಿ, ಮೊಮ್ಮಗಳೂ ಕುಂದರತಾರ.