ಫೋಟೋಶಾಪ್ ಮುಟ್ಟದವರ ಮಡಿ

ಫೋಟೋ ಹಾಕೋ ನಮ್ಮ ಬ್ಲಾಗ್ ಗೆಳೆಯರಲ್ಲಿ ಒಂದು ಥರದ ಮಡಿ ಇದೆ. ಚೆಂದದ ಸೂರ್ಯಾಸ್ತ ಹಾಕ್ತಾರೆ, ಕೆಳಗೆ "ನೋ ಎಡಿಟಿಂಗ್, ಕ್ಯಾಮೆರಾದಿಂದ ಬಂದ ಹಾಗೇ" ಅಂತ ಒಂದು ಸಾಲು. ಎಡಿಟ್ ಮಾಡಿದವನು ಮೈಲಿಗೆ, ಮಾಡದವನು ಶುದ್ಧ. ನೋಡಿದಾಗೆಲ್ಲ ನಂಗೆ ಮೈ ಉರಿಯತ್ತೆ.

ಕ್ಯಾಮೆರಾದಿಂದ "ಬಂದ ಹಾಗೇ" ಅನ್ನೋದು ಎಲ್ಲಿದೆ ಸ್ವಾಮಿ? ಹೆಚ್ಚಿನ ಡಿಜಿಟಲ್ ಕ್ಯಾಮೆರಾಗಳ ಸೆನ್ಸರ್ ಮೇಲೆ ಬೇಯರ್ ಫಿಲ್ಟರ್ ಅಂತ ಇರತ್ತೆ. ಕೊಡಕ್ ಕಂಪನಿಯ ಬ್ರೈಸ್ ಬೇಯರ್ ಕಂಡುಹಿಡಿದದ್ದು, 1976ರಲ್ಲಿ ಪೇಟೆಂಟ್ ಆಯ್ತು. ಒಂದೊಂದು ಪಿಕ್ಸೆಲ್ಲೂ ಕೆಂಪು, ಹಸಿರು, ನೀಲಿ ಈ ಮೂರರಲ್ಲಿ ಒಂದನ್ನ ಮಾತ್ರ ಅಳೆಯತ್ತೆ. ಉಳಿದೆರಡನ್ನ ಅಕ್ಕಪಕ್ಕದ ಪಿಕ್ಸೆಲ್ ನೋಡಿ ಸಾಫ್ಟ್‌ವೇರ್ ಊಹಿಸತ್ತೆ. ಅಂದ್ರೆ ನಿಮ್ಮ "ಶುದ್ಧ" ಫೋಟೋದ ಬಣ್ಣದಲ್ಲಿ ಮೂರರಲ್ಲಿ ಎರಡು ಪಾಲು ಲೆಕ್ಕ ಹಾಕಿ ತುಂಬಿದ್ದು! ಆಮೇಲೆ ವೈಟ್ ಬ್ಯಾಲೆನ್ಸ್, ಶಾರ್ಪನಿಂಗ್, ನಾಯ್ಸ್ ತೆಗೆಯೋದು. 14 ಬಿಟ್ ಸೆನ್ಸರ್ ಮಾಹಿತಿಯ 16,384 ಮಟ್ಟಗಳನ್ನ ಜೆಪೆಗ್‌ನ 256ಕ್ಕೆ ಇಳಿಸೋದು. ಏನು ಉಳಿಸಬೇಕು, ಏನು ಬಿಸಾಕಬೇಕು ಅಂತ ತೀರ್ಮಾನಿಸಿದ್ದು ಕ್ಯಾಮೆರಾ ಕಂಪನಿಯಲ್ಲಿ ಕೂತು ಕೋಡ್ ಬರೆಯೋ ನನ್ನಂಥ ಒಬ್ಬ ಇಂಜಿನಿಯರ್. ನೀವು ನಿಂತಿದ್ದ ಕುದುರೆಮುಖದ ಗುಡ್ಡ ಅವನು ನೋಡಿಲ್ಲ, ನೀವು ನೋಡಿದ್ದೀರಿ. ಹಾಗಿರುವಾಗ ಎಡಿಟಿಂಗನ್ನ ಅವನಿಗೆ ಬಿಟ್ಟುಕೊಡೋದು ಪ್ರಾಮಾಣಿಕತೆ ಹೇಗಾಯ್ತು? ಸೋಮಾರಿತನ ಅನ್ನಿ, ಒಪ್ತೀನಿ :)

"ಫಿಲಂ ಕಾಲದಲ್ಲಿ ಇವೆಲ್ಲ ಇರ್ಲಿಲ್ಲ" ಅನ್ನೋರೂ ಇದ್ದಾರೆ. ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದಲ್ಲಿ ತೆಗೆದ ಚಂದ್ರೋದಯದ ಚಿತ್ರ ಹುಡುಕಿ ನೋಡಿ. ಅದೇ ನೆಗೆಟಿವ್‌ನಿಂದ ದಶಕಗಟ್ಟಲೆ ಪ್ರಿಂಟ್ ಹಾಕಿದ, ಬರ್ತಾ ಬರ್ತಾ ಆಕಾಶ ಕಪ್ಪಾಗ್ತಾ ಹೋಯ್ತು. ಡಾರ್ಕ್‌ರೂಮಿನಲ್ಲಿ ಬೆಳಕು ತಡೆದು ಒಂದು ಜಾಗ ತಿಳಿ ಮಾಡೋದು ಡಾಡ್ಜಿಂಗ್, ಹೆಚ್ಚು ಬೆಳಕು ಬಿಟ್ಟು ಗಾಢ ಮಾಡೋದು ಬರ್ನಿಂಗ್. ಫೋಟೋಶಾಪಿನಲ್ಲಿರೋ ಡಾಡ್ಜ್, ಬರ್ನ್ ಟೂಲುಗಳ ಹೆಸರು ಬಂದದ್ದೇ ಅಲ್ಲಿಂದ.

ಹಾಗಂತ ಏನು ಬೇಕಾದ್ರೂ ಮಾಡಿ ಅಂತ ಹೇಳ್ತಿಲ್ಲ. ಎಡಿಟ್ ಮಾಡಿದ್ರಾ ಅಂತ ಕೇಳೋದು ಬಿಟ್ಟು, ನೋಡೋರಿಗೆ ಸುಳ್ಳು ಹೇಳಿದ್ರಾ ಅಂತ ಕೇಳಿ. ನ್ಯಾಷನಲ್ ಜಿಯಾಗ್ರಫಿಕ್ 1982ರ ಫೆಬ್ರವರಿ ಸಂಚಿಕೆಯ ಮುಖಪುಟಕ್ಕೆ ಹೊಂದಲಿ ಅಂತ ಗೀಜಾದ ಪಿರಮಿಡ್ಡುಗಳನ್ನೇ ಹತ್ತಿರ ಸರಿಸಿತ್ತು. ಅದು ಸುಳ್ಳು. 2009ರ ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್ ಗೆದ್ದದ್ದು ಗೇಟು ಹಾರ್ತಿರೋ ತೋಳದ ಚಿತ್ರ. ಅದು ಪಳಗಿಸಿದ ತೋಳ ಇರಬೇಕು ಅಂತ ತೀರ್ಪುಗಾರರು 2010ರ ಜನವರಿಯಲ್ಲಿ ಆ ಚಿತ್ರವನ್ನ ಅನರ್ಹ ಮಾಡಿದ್ರು (ತೆಗೆದವರು ಒಪ್ಪಲಿಲ್ಲ, ಅದು ಬೇರೆ). ಫೋಟೋಶಾಪಿಗೂ ಆ ತಕರಾರಿಗೂ ಸಂಬಂಧವೇ ಇರ್ಲಿಲ್ಲ.

ಅಷ್ಟು ದೂರ ಯಾಕೆ, ನಮ್ಮ ಮದುವೆ ಆಲ್ಬಂಗಳನ್ನೇ ನೋಡಿ. ನನ್ನ ಸೋದರತ್ತೆ ಮಗಳು ಎಣ್ಣೆಗಪ್ಪು ಬಣ್ಣದ ಲಕ್ಷಣವಾದ ಹುಡುಗಿ. ಆಲ್ಬಂ ಬಂದಾಗ ಧಾರೆ ಫೋಟೋದಲ್ಲಿ ನಿಂತಿರೋದು ಬೇರೆ ಯಾರೋ! ಮುಖಕ್ಕೆ ಸುಣ್ಣ ಬಳಿದ ಹಾಗಿದೆ, ಕೈ ಮಾತ್ರ ಅವಳದ್ದೇ. ಅಲ್ಲಿವರೆಗೂ ಬ್ರಷ್ ಎಳೆಯೋ ವ್ಯವಧಾನ ಸ್ಟುಡಿಯೋದವನಿಗೆ ಇರ್ಲಿಲ್ಲ ಅನ್ಸತ್ತೆ. ಕೇಳಿದ್ರೆ, "ಎಲ್ರೂ ಹಿಂಗೇ ಕೇಳ್ತಾರೆ ಸಾರ್, ಕಪ್ಪಗಿದ್ರೆ ಬಾಕಿ ದುಡ್ಡು ಕೊಡಲ್ಲ" ಅಂದ. ಅವಳು ಏನೂ ಅನ್ನಲಿಲ್ಲ. ಆಲ್ಬಂ ಬೀರು ಸೇರಿತು, ಮನೆಗೆ ಬಂದವರಿಗೆ ತೋರಿಸಲ್ಲ. ಇದೇ ಕೆಲಸವನ್ನ ಈಗ ಎಷ್ಟೋ ಫೋನುಗಳ ಬ್ಯೂಟಿ ಮೋಡ್ ಕ್ಷಣದಲ್ಲಿ ಮಾಡಿ ಮುಗಿಸತ್ತೆ. ನಮ್ಮ ಮಡಿವಂತರು ಇದರ ಬಗ್ಗೆ ಒಂದು ಸಾಲು ಬರೆದದ್ದು ನಾನಂತೂ ನೋಡಿಲ್ಲ. ಯಾರಾದ್ರೂ ಕಾಂಟ್ರಾಸ್ಟ್ ಏರಿಸಿದ್ರೆ ಮಾತ್ರ ಅವರ ಮಡಿ ಕೆಡತ್ತೆ.

ನಾನು ರಾ ಫೈಲಲ್ಲಿ ತೆಗೀತೀನಿ. ಬೆಳಕು, ಬಣ್ಣ ನನಗೆ ಕಂಡ ಹಾಗೆ ತರ್ತೀನಿ, ಸೆನ್ಸರ್ ಮೇಲಿನ ಧೂಳಿನ ಚುಕ್ಕೆ ಅಳಿಸ್ತೀನಿ. ಕೇಳಿದ್ರೆ ಮೊಡವೆ ಅಳಿಸಿಕೊಡ್ತೀನಿ, ಹೇಗೂ ಮುಂದಿನ ವಾರ ಹೋಗೋದೇ. ಮಚ್ಚೆ, ಮೈಬಣ್ಣ ಮುಟ್ಟಲ್ಲ. ಹಂಪಿಯಲ್ಲಿ ಕರೆಂಟ್ ತಂತಿ ಅಡ್ಡ ಬಂದ್ರೆ ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋಗ್ತೀನಿ (ಅದೂ ಒಂಥರಾ ಎಡಿಟಿಂಗೇ ಅಂತೀರಾ? ಹೌದು!). ಆಗದಿದ್ರೆ ತಂತಿ ಇರ್ಲಿ.

ಮುಂದಿನ ಸಲ "ನೋ ಎಡಿಟಿಂಗ್" ಅಂತ ಹಾಕೋ ಮುಂಚೆ ಒಮ್ಮೆ ಕ್ಯಾಮೆರಾದ ಮೆನು ತೆಗೀರಿ. ಬಣ್ಣದ ಸೆಟ್ಟಿಂಗ್ "ವಿವಿಡ್"ನಲ್ಲಿದೆಯಾ ನೋಡ್ಕೊಳ್ಳಿ...