ನಮ್ಮ ಟಿಕೇಟಿನ ಲೆಕ್ಕವೆಲ್ಲಿ?

ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಳಾಗಿಯೇ ಪ್ರಾಣ ಬಿಟ್ಟಳು. ಅವಳ ಕಥೆಯನ್ನು ಬಿ. ಆರ್. ಪಂತುಲು ಅವರು 1961ರಲ್ಲಿ ‘ಕಿತ್ತೂರು ಚೆನ್ನಮ್ಮ’ ಎಂದು ಬೆಳ್ಳಿತೆರೆಗೆ ತಂದರು. ಬಿ. ಸರೋಜಾದೇವಿ ರಾಣಿಯಾದರು. ರಾಷ್ಟ್ರಪ್ರಶಸ್ತಿಯೂ ಬಂದಿತು. ಆ ಚಿತ್ರವನ್ನು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಎಷ್ಟು ಜನ ನೋಡಿದರು? ಎಷ್ಟು ಹಣ ಕೂಡಿತು? ಕೇಳಿ ನೋಡಿರಿ: ಜನ ಮುಗಿಬಿದ್ದರೆಂಬ ಮಾತು ಸಿಗುತ್ತದೆ, ಅಂಕಿ ಸಿಗುವುದಿಲ್ಲ.

ಲೆಕ್ಕವೇ ಇರಲಿಲ್ಲವೆಂದು ಯಾರೂ ಹೇಳಬಾರದು. ಮುಂಬಯಿ ಸರಕಾರ 1923ರಲ್ಲಿಯೇ ಮನರಂಜನೆ ಕರದ ಕಾಯಿದೆ ಮಾಡಿತ್ತು. 1948ರವರೆಗೆ ಸಂಸ್ಥಾನವಾಗಿದ್ದ ರಾಮದುರ್ಗದ ದಫ್ತರವೇ ಬೇರೆ. 1956ರ ಏಕೀಕರಣದ ಬಳಿಕ ನಾಲ್ಕೂ ಊರಿಗೆ ಮೈಸೂರಿನ 1958ರ ಕಾಯಿದೆ ಅನ್ವಯಿಸಿತು. ಕರದ ಮೊತ್ತ ಗೊತ್ತಾದರೆ ಗಲ್ಲೆಯ ಹಣ ತಿಳಿಯುತ್ತದೆ; ಗಲ್ಲೆಯ ಹಣ, ಟಿಕೇಟಿನ ದರ ಗೊತ್ತಾದರೆ ತಲೆ ಎಣಿಸಬಹುದು.

ಆದರೆ ಮುಂದೆ ಸಣ್ಣ ಊರುಗಳಲ್ಲಿ ಸರಕಾರ ಸುಲಭದ ದಾರಿ ಹಿಡಿಯಿತು. ಕುರ್ಚಿ ಎಷ್ಟು, ಆಟ ಎಷ್ಟು ಎಂದು ನೋಡಿ ಗೊತ್ತುಮಾಡಿದ ಮೊತ್ತ ವಸೂಲು ಮಾಡಿತು. ಕುರ್ಚಿ ಎಣಿಸಿದರು, ಕೂತವರನ್ನು ಎಣಿಸಲಿಲ್ಲ! ಕನ್ನಡ ಚಿತ್ರಗಳಿಗೆ ಕರಮಾಫಿ ಬಂದಿತು. ನಾವು ಅದನ್ನು ವಿರೋಧಿಸುವವರಲ್ಲ. ಆದರೆ ಕರದೊಡನೆ ಎಣಿಕೆಯೂ ಮಾಫಿಯಾಗಬೇಕೇ? 2017ರ ಜುಲೈ 1ರಂದು ಜಿ.ಎಸ್.ಟಿ. ಬಂದಾಗ ರಾಜ್ಯದ ಹಳೆಯ ಕರ ಅದರಲ್ಲಿ ಲೀನವಾಯಿತು. ಹಳೆಯ ವಹಿಗಳನ್ನು ಕಾಯುವವರು ಯಾರು?

ಬಡವನಿಗೆ ಸಿನೇಮಾದ ಲೆಕ್ಕವೇಕೆ ಎನ್ನುವವರಿದ್ದಾರೆ. ಲೆಕ್ಕ ಧಣಿಯ ಕೈಯಲ್ಲಿಯೇ ಉಳಿದರೆ ಕೂಲಿಯ ಗತಿಯೇನೆಂಬುದನ್ನು ಗಿರಣಿಯ ಕಾರ್ಮಿಕನಿಗೆ ಹೇಳಿಕೊಡಬೇಕಿಲ್ಲ. ಕಿರಾಣಿ ಅಂಗಡಿಯವನು ಕಿರ್ದಿ-ಖಾತೆ ತೆರೆದು ತೋರಿಸಬೇಕು. ಕೋಟಿಗಟ್ಟಲೆ ಗಳಿಕೆಯೆಂದು ಜಾಹೀರಾತು ಹೊಡೆಯುವವರನ್ನು ಮಾತ್ರ ಬಾಯಿಮಾತಿನ ಮೇಲೆ ನಂಬಬೇಕೇ? ಸಿನೇಮಾ ಕೆಲಸಗಾರರ ಕ್ಷೇಮಕ್ಕೆಂದು ರಾಜ್ಯ ಮಾಡಿದ 2024ರ ಕಾಯಿದೆ ಟಿಕೇಟಿನ ಮೇಲೆ ಶೇಕಡಾ 1ರಿಂದ 2ರವರೆಗೆ ಸೆಸ್ಸಿಗೆ ಅವಕಾಶ ಕೊಟ್ಟಿದೆ. ಗಲ್ಲೆಯ ಲೆಕ್ಕ ಸುಳ್ಳಾದರೆ ದೀಪ ಹಿಡಿಯುವವನ, ಬಣ್ಣ ಬಳಿಯುವವನ ನಿಧಿಯೂ ಬರಿದೇ.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ನಾಲ್ಕೂ ಊರುಗಳ ಹಳೆಯ ಕರದ ವಹಿಗಳು, ಥಿಯೇಟರುಗಳ ದಿನವಹಿ ತಖ್ತೆಗಳು ಎಲ್ಲಿ ಉಳಿದಿದ್ದರೂ ಒಂದು ಹಾಳೆಯೂ ರದ್ದಿಗೆ ಹೋಗಕೂಡದು. ಅವನ್ನು ರಾಜ್ಯ ಪತ್ರಾಗಾರಕ್ಕೆ ಸೇರಿಸಿ ಜನರಿಗೆ ತೆರೆದಿಡಬೇಕು. ಇನ್ನು ಮುಂದೆ ಪ್ರತಿ ಥಿಯೇಟರಿನಲ್ಲಿ ಮಾರಿದ ಟಿಕೇಟು, ಕೂಡಿದ ಹಣ ಎರಡನ್ನೂ ವಾರವಾರ ಪ್ರಕಟಿಸಬೇಕು.

ಬೆವರಿನ ದುಡ್ಡು ಕೊಟ್ಟು ಈ ಉದ್ಯಮವನ್ನು ಸಾಕಿದವರು ನಾವು. ಲೆಕ್ಕ ಕೇಳುವುದು ನಮ್ಮ ಹಕ್ಕು!